ಫ್ರೇಮ್ ಬಾಗಿತು, ಹೋರಿ ಹೋಯಿತು

ನಮ್ಮ ವಿಜಯಪುರ ಸೀಮೆಯ ಹುಡುಗರಿಗೆ ಸೈಕಲ್ ರೇಸಿನ ಹುಚ್ಚು ಬಹಳ. ಪಿಯುಸಿ ಓದುವಾಗ ಒಂದು ರೇಸಿನಲ್ಲಿ ನಾನು ಎರಡು ಸೈಕಲ್ ಉದ್ದದಷ್ಟು ಅಂತರದಲ್ಲಿ ಸೋತೆ. ಕೊನೆಯಲ್ಲಿ ಎದ್ದು ನಿಂತು ಪೆಡಲ್ ತುಳಿದಾಗ ನನ್ನ ಹಳೆಯ ಸ್ಟೀಲ್ ಸೈಕಲ್ಲಿನ ಫ್ರೇಮ್ ಅತ್ತಿತ್ತ ಬಾಗುತ್ತಿತ್ತು, ಚೈನು ತಾಗಿ ಗರಗರ ಸದ್ದು. ನನ್ನ ಶಕ್ತಿಯನ್ನೆಲ್ಲ ಈ ಫ್ರೇಮೇ ತಿಂದಿತು ಅಂದುಕೊಂಡೆ.

"ಅಪ್ಪಾ, ಅಲ್ಯೂಮಿನಿಯಂ ಸೈಕಲ್ ಬೇಕು. ಅದು ಬಾಗಂಗಿಲ್ಲ," ಅಂದೆ. ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಹೋರಿ ಹೊಡಕೊಂಡು ಸಂತೆಗೆ ಹೋದ.

ಹೊಸ ಸೈಕಲ್ ಬಲು ಬಿಗಿ. ತುಳಿದರೆ ಮುಂದಕ್ಕೆ ಚಿಮ್ಮಿದಂತೆ ಅನ್ನಿಸುತ್ತಿತ್ತು. ಆದರೂ ಮರುವರ್ಷ ಅದೇ ಹುಡುಗನ ಹಿಂದೆಯೇ ಉಳಿದೆ. ಸೈಕಲ್ ಅಂಗಡಿಯ ಚಾಚಾ ನಕ್ಕರು: "ಟೈರಿನ್ಯಾಗ ಗಾಳಿ ಕಮ್ಮಿ, ಸೀಟ್ ಕೆಳಗೈತಿ, ನೀ ಎದಿ ಎತ್ತಿ ಗಾಳಿಗೆ ಅಡ್ಡ ಕುಂದರ್ತಿ. ಫ್ರೇಮ್ ಏನ್ ಮಾಡೀತು?"

ಆಮೇಲೆ ಓದಿ ತಿಳಿದದ್ದು ಇದು. ಫ್ರೇಮ್ ಬಾಗುವುದು ನಿಜ. ಆದರೆ ಅದು ಸ್ಪ್ರಿಂಗ್ ಇದ್ದಂತೆ. ಬಾಗುವಾಗ ಹಿಡಿದಿಟ್ಟ ಬಲದ ಬಹುಪಾಲನ್ನು ನೆಟ್ಟಗಾಗುವಾಗ ಹಿಂದಿರುಗಿಸುತ್ತದೆ. ಶಾಖವಾಗಿ ಕಳೆದುಹೋಗುವುದು ಸ್ವಲ್ಪವೇ. ಇನ್ನೊಂದು ಮಾತು: ಅಲ್ಯೂಮಿನಿಯಂ ಲೋಹಕ್ಕೆ ಸ್ಟೀಲಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಬಿಗಿ. ಹೊಸ ಸೈಕಲ್ಲುಗಳ ಕೊಳವೆ ದಪ್ಪ ಇರುವುದು ಆ ಕೊರತೆ ತುಂಬಲಿಕ್ಕೆ.

ನಿಜವಾದ ಕಳ್ಳ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ಸಪಾಟು ರಸ್ತೆಯಲ್ಲಿ ಜೋರಾಗಿ ಹೋಗುವಾಗ ನಮ್ಮ ಶಕ್ತಿಯ ಹೆಚ್ಚಿನ ಪಾಲು ಅಲ್ಲೇ ಖರ್ಚು.

1980ರ ದಶಕದಲ್ಲಿ ಐರ್ಲೆಂಡಿನ ಶಾನ್ ಕೆಲ್ಲಿ ಓಡಿಸುತ್ತಿದ್ದದ್ದು ಫ್ರಾನ್ಸಿನ ವೀಟಸ್ 979. ತೆಳು ಅಲ್ಯೂಮಿನಿಯಂ ಕೊಳವೆಗಳನ್ನು ಅಂಟಿಸಿ ಮಾಡಿದ ಆ ಫ್ರೇಮ್ ಬಾಗುವುದಕ್ಕೇ ಹೆಸರಾಗಿತ್ತು. ಆ ಕಾಲದಲ್ಲೇ ಆತ ಪ್ಯಾರಿಸ್-ನೀಸ್ ರೇಸನ್ನು 1982ರಿಂದ 1988ರವರೆಗೆ ಸತತ ಏಳು ಸಲ ಗೆದ್ದ.

ಬಿಗಿ ಫ್ರೇಮಿಗೆ ಬೆಲೆಯೇ ಇಲ್ಲ ಅಂತಲ್ಲ. ಚೈನು ತಾಗುವುದು ಕಡಿಮೆ, ಇಳಿಜಾರಿನ ತಿರುವಿನಲ್ಲಿ ಸೈಕಲ್ ಹೇಳಿದಂತೆ ಕೇಳುತ್ತದೆ, ಭಾರದ ಸವಾರರಿಗೆ ಧೈರ್ಯ ಬರುತ್ತದೆ. ಆದರೆ ಅದು ಕೊನೆಗೆ ನೋಡುವ ವಿಷಯ.

ಮೊನ್ನೆ ಅಣ್ಣನ ಮಗ ಕಾರ್ಬನ್ ಸೈಕಲ್ ಕೇಳಿದ. ನನ್ನ ಹಳೆಯ ಸ್ಟೀಲ್ ಸೈಕಲ್ ಇಳಿಸಿ, ಸೀಟ್ ಎತ್ತರಿಸಿ, ಗಾಳಿ ತುಂಬಿ, "ಮೊದಲು ಮೈ ಬಗ್ಗಿಸಿ ಒಂದು ತಿಂಗಳು ಓಡಿಸು," ಅಂದೆ.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡು ಇಷ್ಟೇ ಅಂದ: "ಇದು ನಿನಗ ಆವಾಗ ತಿಳಿದಿದ್ರ ಹೋರಿ ಉಳೀತಿತ್ತಲ್ಲೋ."