ದೇಟಿನ ದಾಹ

ನಮ್ಮ ಅಜ್ಜಿಯ ಲೆಕ್ಕದಲ್ಲಿ ಹೂವಿಗೆ ದೇಟೇ ಇರಲಿಲ್ಲ. ಬೆಳಕು ಹರಿಯುವ ಮುಂಚೆ ಬುಟ್ಟಿ ಹಿಡಿದು ಹಿತ್ತಲಿಗೆ ಇಳಿದರೆ ದಾಸವಾಳ, ನಂದಿಬಟ್ಟಲು, ಕಣಗಿಲೆ ಎಲ್ಲವನ್ನೂ ತೊಟ್ಟಿನ ಹತ್ತಿರವೇ ಚಿವುಟುತ್ತಿದ್ದಳು. ದೇವರ ತಲೆಗೋ ಹೆಂಗಸರ ಮುಡಿಗೋ ಏರುವ ಹೂವಿಗೆ ಉದ್ದ ಕಾಲು ಯಾಕೆ? ಮಿಕ್ಕ ಮಲ್ಲಿಗೆ ಮೊಗ್ಗನ್ನು ಬಾಳೆಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ, ಮಡಕೆಯ ಪಕ್ಕ ಇಟ್ಟರೆ ಆರೈಕೆ ಮುಗಿಯಿತು. ಹೂದಾನಿ ಶೋಕೇಸಿನಲ್ಲಿ ಪ್ಲಾಸ್ಟಿಕ್ ಗುಲಾಬಿ ಹೊತ್ತು ಧೂಳು ತಿನ್ನುತ್ತಿತ್ತು.

ನಮ್ಮ ಕಡೆ ದೇಟಿಗೆ ಮರ್ಯಾದೆ ಬಂದದ್ದು ಬಂಗಲೆಗಳ ಮೇಜಿನಿಂದ, ಪುಷ್ಪ ಪ್ರದರ್ಶನಗಳಿಂದ ಎಂದು ನನ್ನ ಅಂದಾಜು. ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ. ಆಗಸ್ಟ್, ಜನವರಿಯಲ್ಲಿ ಜನ ಇವತ್ತಿಗೂ ಅಲ್ಲಿಗೇ ನುಗ್ಗುತ್ತಾರೆ. ಇದಕ್ಕಿಂತ ನನಗೆ ಹಿಡಿಸಿದ್ದು ಸುಗಂಧರಾಜನ ಕಥೆ. ಮೆಕ್ಸಿಕೋ ಮೂಲದ ಈ ಹೂವಿನಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ‘ಶೃಂಗಾರ’ ಎಂಬ ಒಂಟಿ ಸುತ್ತಿನ ತಳಿ ಮಾಡಿದರು. ಅದು ಬಿಡಿಹೂವಾಗಿ ಹಾರಕ್ಕೆ ಹೋಗುತ್ತದೆ. ‘ಸುವಾಸಿನಿ’ ಎಂಬ ಹಲವು ಸುತ್ತಿನ ತಳಿಯನ್ನೂ ಮಾಡಿದರು. ಅದು ಕಡ್ಡಿ ಸಮೇತ ಹೂದಾನಿಗೆ. ಮೊದಲನೆಯದು ಅಜ್ಜಿಗೆ, ಎರಡನೆಯದು ನನಗೆ.

ಬೆಂಗಳೂರಿಗೆ ಬಂದ ಮೇಲೆ ನನಗೆ ಹೂದಾನಿಯ ಹುಚ್ಚು ಹತ್ತಿತು. ಕೆ.ಆರ್. ಮಾರ್ಕೆಟ್ಟಿನಿಂದ ರಟ್ಟು ಸುತ್ತಿದ ಗುಲಾಬಿ ಕಟ್ಟು ತಂದರೆ ಮನೆಯವರು ಹೂ ನೋಡುತ್ತಾರೆ, ನಾನು ಬುಡ ನೋಡುತ್ತೇನೆ. ಕೊಯ್ದ ಕ್ಷಣವೇ ದೇಟಿನೊಳಗಿನ ನೀರಿನ ನಾಳಗಳು ಗಾಳಿ ಎಳೆದುಕೊಳ್ಳುತ್ತವೆ. ಆ ಗುಳ್ಳೆ ಅಡ್ಡ ಕೂತರೆ ಬಕೆಟ್ ತುಂಬ ನೀರಿದ್ದರೂ ಗುಲಾಬಿ ಕತ್ತು ಬಗ್ಗಿಸುತ್ತದೆ. ಅದಕ್ಕೇ ಬೋಗುಣಿಯ ನೀರಿನಲ್ಲಿ ಬುಡ ಮುಳುಗಿಸಿ, ನೀರಿನೊಳಗೇ ಒಂದಿಂಚು ಕತ್ತರಿಸುವುದು. ಜಪಾನಿನ ಇಕೆಬಾನಾದವರ ‘ಮಿಜುಕಿರಿ’ ಇದೇ. ಕತ್ತರಿ ಮೊಂಡಾಗಿದ್ದರೆ ನಾಳಗಳು ಜಜ್ಜಿಹೋಗುತ್ತವೆ. ಹರಿತವಾದ ಚಾಕುವೇ ವಾಸಿ. ಓರೆಯಾಗಿ ಕೊಯ್ದರೆ ಹೂವು ಹೆಚ್ಚು ನೀರು ಕುಡಿಯುತ್ತದೆ ಎನ್ನುವವರಿದ್ದಾರೆ. ನನಗೆ ಕಂಡ ಲಾಭ ಬೇರೆ: ಬುಡ ಪಾತ್ರೆಯ ತಳಕ್ಕೆ ಅಂಟಿ ಮುಚ್ಚಿಕೊಳ್ಳುವುದಿಲ್ಲ. ಆಮೇಲೆ ನೀರಿಗೆ ತಾಗುವ ಎಲೆಗಳನ್ನೆಲ್ಲ ಸವರಿ ತೆಗೆದು, ಕತ್ತಿನವರೆಗೂ ನೀರಿರುವ ಬಕೆಟ್ಟಿನಲ್ಲಿ ಕೆಲವು ಗಂಟೆ ತಂಪಾದ ಮೂಲೆಗೆ ಬಿಡಬೇಕು. ಅಲಂಕಾರದ ಮಾತು ಅಲ್ಲಿಯವರೆಗೂ ಬೇಡ. ಜರ್ಬೆರಾ ಮಾತ್ರ ಬೇರೆ ಜಾತಿ: ಅದರ ಮೆತ್ತನೆ ರೋಮದ ದೇಟು ಬೇಗ ಕೊಳೆಯುತ್ತದೆ, ಹೂದಾನಿಯಲ್ಲಿ ಎರಡಿಂಚು ನೀರು ಸಾಕು.

ನೀರಿಗೆ ಏನು ಹಾಕಬೇಕೆಂದು ಕೇಳಿದರೆ ನಮ್ಮ ಬೀದಿಯಲ್ಲಿ ಎಲ್ಲರೂ ಪಂಡಿತರೇ. ಪಕ್ಕದ ಮನೆಯವರು ಆಸ್ಪಿರಿನ್ ಅಂದರು, ಎದುರುಮನೆಯವರು ತಾಮ್ರದ ಕಾಸು ಅಂದರು. ಹೂವಿಗೆ ತಲೆನೋವಿಲ್ಲ, ಸಾಲವೂ ಇಲ್ಲ. ಸಕ್ಕರೆ ಹೂವಿಗೆ ಆಹಾರ ನಿಜ, ಆದರೆ ಬ್ಯಾಕ್ಟೀರಿಯಾಕ್ಕೂ ಅದೇ ಹಬ್ಬದೂಟ. ಅವು ಬೆಳೆದು ನಾಳದ ಬಾಯಿ ಕಟ್ಟಿಬಿಡುತ್ತವೆ. ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ ಹಾಕುವುದಾದರೆ ಅಷ್ಟೇ ನಿಂಬೆರಸ, ನಾಲ್ಕಾರು ಹನಿ ಬ್ಲೀಚ್ ಕೂಡ ಬೀಳಬೇಕು. ಅಷ್ಟೆಲ್ಲ ರಗಳೆ ಬೇಡವೆಂದರೆ ತೊಳೆದ ಪಾತ್ರೆ, ದಿನಾ ಹೊಸ ನೀರು, ಎರಡು ದಿನಕ್ಕೊಮ್ಮೆ ಬುಡಕ್ಕೆ ಹೊಸ ಕೊಯ್ತ.

ಇನ್ನೊಂದು ಮಾತು. ನಮ್ಮಲ್ಲಿ ಹಣ್ಣಿನ ತಟ್ಟೆಯ ಪಕ್ಕವೇ ಹೂ ಇಡುವುದು ರೂಢಿ. ಮಾಗಿದ ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ತಾಗಿದರೆ ಕಾರ್ನೇಷನ್ ಹೂ ಮುದುಡಿಕೊಂಡುಬಿಡುತ್ತದೆ. ಎರಡನ್ನೂ ದೂರ ಇಡಿ. ಮನೆಗೆ ಯಾರಾದರೂ ಹೂಗುಚ್ಛ ತಂದರೆ ಮೊದಲು ಪ್ಲಾಸ್ಟಿಕ್ ಬಿಚ್ಚಿ, ರಬ್ಬರ್ ಬ್ಯಾಂಡ್ ಕಿತ್ತು, ಬುಡ ಕೊಯ್ದು ಬಕೆಟ್ಟಿಗೆ ಇಳಿಸಿ. ಬಂದವರಿಗೆ ಕಾಫಿ ಹತ್ತು ನಿಮಿಷ ತಡವಾದರೂ ನಡೆಯುತ್ತದೆ.