ಹೊಳೆಬಾಗಿಲಿಗೆ ಒಂದು ದಿನದ ಪ್ರವಾಸ

ಸಾಗರ ಪೇಟೆಯಿಂದ ಆವಿನಹಳ್ಳಿಯ ಮಾರ್ಗವಾಗಿ ಸುಮಾರು ಒಂದು ತಾಸು ಪ್ರಯಾಣ ಮಾಡಿದರೆ ಅಂಬಾರಗೋಡ್ಲು ಎಂಬ ಊರು ದೊರೆಯುತ್ತದೆ. ಕಾಗದಪತ್ರಗಳಲ್ಲಿ ಅದರ ಹೆಸರು ಅದೇ ಆದರೂ ಆ ಕಡೆಯ ಜನರು ಲಾಂಚು ನಿಲ್ಲುತ್ತಿದ್ದ ದಡವನ್ನು ಹೊಳೆಬಾಗಿಲು ಎಂದೇ ಕರೆಯುತ್ತ ಬಂದಿದ್ದಾರೆ. ಅಲ್ಲಿಗೆ ರಸ್ತೆ ನೀರಿನೊಳಗೆ ಇಳಿದು ಮುಗಿದುಹೋಗುತ್ತಿತ್ತು. ಮುಂದಿನ ದಾರಿಯೇನಿದ್ದರೂ ಲಾಂಚಿನ ಮೇಲೆ. ಬಸ್ಸು, ಕಾರು, ಹಾಲಿನ ಕ್ಯಾನು, ಮದುವೆಯ ದಿಬ್ಬಣ ಎಲ್ಲವೂ ಅದರ ಮೇಲೇರಿ ಆಚೆ ದಡದ ಕಳಸವಳ್ಳಿಗೆ ಹೋಗಬೇಕಾಗಿತ್ತು. ಕಡಲಿಲ್ಲದ ಮಲೆನಾಡಿಗೆ ಅದೊಂದು ಬಂದರು.

ನಮ್ಮ ಮನೆಯವರೆಲ್ಲ ಒಂದು ದಿನದ ಮಟ್ಟಿಗೆ ಅಲ್ಲಿಗೆ ಹೋಗಿ ಬರಬೇಕೆಂಬ ಆಲೋಚನೆ ಹುಟ್ಟಿದ್ದು ಮಕ್ಕಳಿಂದ. ಅವರಿಗೆ ವಿಶಾಲವಾದ ನೀರನ್ನು ನೋಡುವ ಹಂಬಲ. ಆದರೆ ದಿನ ಗೊತ್ತುಮಾಡಲು ಕುಳಿತಾಗ ಎದ್ದ ಮೊದಲನೆಯ ಪ್ರಶ್ನೆಯೇ ನಮ್ಮನ್ನು ಇಬ್ಬಗೆಯಲ್ಲಿ ನಿಲ್ಲಿಸಿತು. ನೀರು ತುಂಬಿದಾಗ ಹೋಗುವುದೋ, ಇಳಿದಾಗ ಹೋಗುವುದೋ? ತುಂಬಿದಾಗಲೇ ಹೋಗಬೇಕೆಂದರು ಮಕ್ಕಳು. ಇಳಿದಾಗಲೇ ಹೋಗಬೇಕೆಂದರು ನಮ್ಮ ತಾಯಿಯವರು. ಅವರ ತವರೂರು ಆ ನೀರಿನ ಕೆಳಗಿದೆ.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ನೀರು ನಿಂತದ್ದು 1964ರಲ್ಲಿ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವ್ಯಾಟ್. ನಾಡಿಗೆಲ್ಲ ದೀಪ ಹಚ್ಚಿದ ಈ ನೀರು ಗದ್ದೆ, ತೋಟ, ಗುಡಿ, ಮನೆಗಳನ್ನು ಒಳಗೆ ತೆಗೆದುಕೊಂಡಿತು. ಮೊದಲು ಮಡೇನೂರಿನಲ್ಲಿ ಕಟ್ಟಲಾಗಿದ್ದ ಹಿರೇಭಾಸ್ಕರ ಅಣೆಕಟ್ಟೆಯನ್ನೂ ಬಿಡಲಿಲ್ಲ. ಒಂದು ಅಣೆಕಟ್ಟು ಇನ್ನೊಂದನ್ನು ಮುಳುಗಿಸಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ, ನೀರು ತೀರ ಕೆಳಗಿಳಿದಾಗ, ಆ ಹಳೆಯ ಅಣೆಕಟ್ಟೆ ಮೈದೋರುತ್ತದೆ. 2023ರ ಜೂನ್ ತಿಂಗಳಲ್ಲಿಯೂ ಹಾಗೆಯೇ ಆಯಿತು. ಆಗ ಲಾಂಚು ದಡಕ್ಕೆ ಬರಲಾಗದೆ ವಾಹನಗಳನ್ನು ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು.

ತಾಯಿಯವರು ಊರು ಬಿಟ್ಟಾಗ ಹದಿನಾರರ ಹುಡುಗಿ. ಲಾರಿಯಲ್ಲಿ ಪಾತ್ರೆ, ಕಣಜದ ಭತ್ತ, ಬಾಗಿಲ ಕದ ಎಲ್ಲವನ್ನೂ ಹೇರಿದರಂತೆ. ಹಿತ್ತಿಲ ಒರಳುಕಲ್ಲು ಮಾತ್ರ ನಾಲ್ಕು ಆಳು ಹಿಡಿದರೂ ಏಳದೆ ಅಲ್ಲಿಯೇ ಉಳಿಯಿತು. "ಕಲ್ಲು ಎಲ್ಲಿ ಹೋಗುತ್ತೆ? ಅಲ್ಲೇ ಇರುತ್ತೆ" ಎನ್ನುವುದು ಅವರ ವಾದ. ಆ ಊರಿನ ಹೆಸರು ಈಗ ಯಾವ ಬಸ್ಸಿನ ಹಲಗೆಯ ಮೇಲೂ ಇಲ್ಲ.

ಕೊನೆಗೆ ಮಕ್ಕಳ ಮಾತೇ ನಡೆಯಿತು. ಅವರ ರಜೆಗೆ ಹೊಂದಿಕೆಯಾಗುವಂತೆ ಕಳೆದ ನವೆಂಬರಿನ ಒಂದು ಭಾನುವಾರವನ್ನು ಆರಿಸಿದೆವು. ಶಿವಮೊಗ್ಗದಿಂದ ಸಾಗರ ಸುಮಾರು 70 ಕಿಲೋಮೀಟರು. ತಾಳಗುಪ್ಪದ ರೈಲು ಹಿಡಿದು ಸಾಗರ ಜಂಬಗಾರು ನಿಲ್ದಾಣದಲ್ಲಿಯೂ ಇಳಿಯಬಹುದು. ಆದರೆ ವಯಸ್ಸಾದವರು ಜೊತೆಗಿದ್ದುದರಿಂದ ನಾವು ಬಾಡಿಗೆಯ ವಾಹನವನ್ನೇ ಗೊತ್ತುಮಾಡಿದೆವು. ಬೆಳಗಿನ ಪೂಜೆ ಮುಗಿಸಿ ಆರು ಗಂಟೆಗೆ ಹೊರಟೆವು. ಅಕ್ಕಿರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನ, ಮೊಸರನ್ನ, ಎರಡು ಕೊಡ ಕುಡಿಯುವ ನೀರು ನಮ್ಮ ಬುತ್ತಿ. ಹೊಟೇಲನ್ನು ನಂಬಿ ಹೋಗುವವರು ಸಾಗರದಲ್ಲಿಯೇ ಉಪಾಹಾರ ಮುಗಿಸಿಕೊಳ್ಳುವುದು ಒಳ್ಳೆಯದು.

ದಾರಿಯಲ್ಲಿ ಇಕ್ಕೇರಿಯನ್ನು ಬಿಟ್ಟು ಹೋಗಲು ನಮಗೆ ಮನಸ್ಸಾಗಲಿಲ್ಲ. ಸಾಗರದಿಂದ ಆರೇ ಕಿಲೋಮೀಟರು. ಕೆಳದಿಯ ಅರಸರು ಕೆಳದಿಯಿಂದ ಇಲ್ಲಿಗೆ, ಇಲ್ಲಿಂದ ಬಿದನೂರಿಗೆ ರಾಜಧಾನಿಯನ್ನು ಬದಲಾಯಿಸಿದವರು. ಶಿವಪ್ಪ ನಾಯಕರ ಶಿಸ್ತು, ಔರಂಗಜೇಬನ ಸೈನ್ಯಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿಯ ಧೈರ್ಯ ನಮ್ಮ ಮನೆಗಳ ಮಕ್ಕಳಿಗೆ ಕಥೆಯಾಗಿ ಗೊತ್ತು. ಕಲ್ಲಿನಲ್ಲಿ ನೋಡಿದವರು ಕಡಿಮೆ. ವೆಂಕಟಪ್ಪ ನಾಯಕರ ಆಳ್ವಿಕೆಯಲ್ಲಿ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಈ ಪಟ್ಟಣಕ್ಕೆ ಬಂದು ಕಂಡದ್ದನ್ನು ಬರೆದಿಟ್ಟಿದ್ದಾನೆ. ಇಂದು ಅದೊಂದು ಸಣ್ಣ ಹಳ್ಳಿ. ಉಳಿದಿರುವುದು ಅಘೋರೇಶ್ವರ ದೇವಾಲಯ, ಅದರೆದುರಿನ ಮಂಟಪದಲ್ಲಿ ಭಾರಿ ನಂದಿ. ಗರ್ಭಗುಡಿಯ ಪೀಠದ ಸುತ್ತ 32 ಸ್ತ್ರೀಮೂರ್ತಿಗಳಿವೆ. ನೆಲದ ಕಲ್ಲಿನಲ್ಲಿ ಸಾಷ್ಟಾಂಗವೆರಗಿದ ಮೂವರು ನಾಯಕರ ಆಕೃತಿಗಳನ್ನು ಕೊರೆದಿದ್ದಾರೆ. ಅವರಲ್ಲಿ ಒಬ್ಬನ ಕೈಕಾಲುಗಳಿಗೆ ಬೇಡಿಯಿದೆ. ತುಳಿಯದಂತೆ ಬದಿಯಲ್ಲಿ ನಡೆಯಿರೆಂದು ಮಕ್ಕಳಿಗೆ ಹೇಳಿದವರು ತಾಯಿಯವರೇ. "ರಾಜಧಾನಿಯೂ ಹೋಯಿತಲ್ಲ" ಎಂದು ನಂದಿಯ ಮಂಟಪದಲ್ಲಿ ಕುಳಿತು ಒಂದು ಮಾತು ಆಡಿದರು, ಅಷ್ಟೆ.

ಹನ್ನೊಂದರ ಹೊತ್ತಿಗೆ ಹೊಳೆಬಾಗಿಲನ್ನು ಮುಟ್ಟಿದೆವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿದೆ. ಸುಮಾರು ಎರಡೂವರೆ ಕಿಲೋಮೀಟರು ಉದ್ದ. ನಡುಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ತಂತಿಗಳು ಹಿಡಿದಿವೆ. ಹಿಂದೆ ಲಾಂಚಿಗಾಗಿ ಸಾಲಿನಲ್ಲಿ ಕಾದ ಗಂಟೆಗಳನ್ನು ನೆನೆದರೆ, ಮೂರೇ ನಿಮಿಷದಲ್ಲಿ ಆಚೆ ದಡ ಸೇರಿದ್ದು ನಮಗೇ ನಂಬಿಕೆಯಾಗಲಿಲ್ಲ. ಮಕ್ಕಳಿಗಾದರೋ ನಿರಾಶೆ. ಲಾಂಚಿನ ಅಂಚಿನಲ್ಲಿ ನಿಂತು ನೀರು ಸೀಳುವುದನ್ನು ನೋಡಬೇಕೆಂದಿದ್ದರು. ನಮಗೂ ಒಳಗೊಳಗೆ ಅದೇ ಆಸೆಯಿತ್ತು. ಆದರೆ ಸಂಜೆಯ ಕೊನೆಯ ಲಾಂಚು ತಪ್ಪಿದ ಮೇಲೆ ತುಮರಿಯ ಕಡೆಯ ಬಸುರಿ ಹೆಣ್ಣುಮಗಳು ಆಸ್ಪತ್ರೆಗೆ ಹೋಗುವುದು ಹೇಗೆ ಎಂಬುದನ್ನು ಅರುವತ್ತು ವರ್ಷ ಅನುಭವಿಸಿದವರ ಮುಂದೆ, ವರ್ಷಕ್ಕೊಮ್ಮೆ ಬರುವ ನಮ್ಮ ಲಾಂಚಿನ ಆಸೆಯನ್ನು ಹೇಳಿಕೊಳ್ಳುವುದು ನಾಚಿಕೆಯ ಮಾತು. ಆಚೆಗೆ ಸಿಗಂದೂರಿಗೆ ಹೋಗುವ ಭಕ್ತರ ವಾಹನಗಳು ಸಾಲಾಗಿ ಓಡುತ್ತಿದ್ದವು. ನಾವು ತಿರುಗಿ ಈಚೆ ದಡಕ್ಕೆ ಬಂದೆವು.

ಹಳೆಯ ಲಾಂಚಿನ ಕಟ್ಟೆಯ ಸಮೀಪ ಜಮಖಾನ ಹಾಸಿ ಬುತ್ತಿ ಬಿಚ್ಚಿದೆವು. ಪ್ರವಾಸ ಹೊರಡುವವರಿಗೆ ಒಂದು ಮಾತು ತಿಳಿಸಬೇಕು. ಇದು ಕೆರೆಯ ಸೋಪಾನವಲ್ಲ. ದಡದ ಕೆಸರು ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಹುಗಿಯುತ್ತದೆ. ನೀರಿನೊಳಗೆ ಅಂದು ಕಡಿಯದೆ ಬಿಟ್ಟ ಮರಗಳ ಬೊಡ್ಡೆಗಳಿವೆ. ಈಜು ಬರುವುದೆಂದು ಯಾರೂ ಇಳಿಯಬಾರದು. ತಂದ ಎಲೆ, ಕಾಗದ, ಪ್ಲಾಸ್ಟಿಕ್ಕನ್ನು ಚೀಲದಲ್ಲಿ ಹಿಂದಕ್ಕೆ ತರಬೇಕು. ನಮಗಿಂತ ಮೊದಲು ಬಂದವರು ಬಿಟ್ಟುಹೋದ ಲೋಟಗಳ ರಾಶಿಯನ್ನು ಕಂಡು ಊಟದ ರುಚಿಯೇ ಕೆಟ್ಟಿತು.

ಊಟವಾದ ಮೇಲೆ ತಾಯಿಯವರು ಮೊಮ್ಮಗಳ ಹೆಗಲು ಹಿಡಿದು ನೀರಿನತ್ತ ನಾಲ್ಕು ಹೆಜ್ಜೆ ನಡೆದರು. "ಅಜ್ಜಿ, ನಿಮ್ಮ ಮನೆ ಎಲ್ಲಿ?" ಎಂದು ಅವಳು ಕೇಳಿದಳು. ಅವರು ಕೈಯೆತ್ತಿ ಒಂದು ಕಡೆ ತೋರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಕೈಯನ್ನು ಇನ್ನೊಂದು ಕಡೆಗೆ ಹೊರಳಿಸಿದರು. ಮತ್ತೆ ಇಳಿಸಿಬಿಟ್ಟರು. ಗುಡ್ಡಗಳ ಗುರುತು ಹಿಡಿಯಲು ಬುಡ ಕಾಣಬೇಕು, ಬುಡವೆಲ್ಲ ನೀರಿನಲ್ಲಿದೆ ಎಂದರು. ಹೀಗೆ ನೀರು ತುಂಬಿದ ದಿನ ಅವರನ್ನು ಕರೆತಂದದ್ದು ನಮ್ಮ ತಪ್ಪೆಂದು ಆಗ ತೋರಿತು.

ಬರುವ ಬೇಸಗೆಗೆ ಮತ್ತೊಮ್ಮೆ ಹೊರಡುವುದೆಂದು ಅಂದು ರಾತ್ರಿಯೇ ನಿಶ್ಚಯವಾಯಿತು. ಮಕ್ಕಳೂ ಒಪ್ಪಿದ್ದಾರೆ. ಊರು ಬಿಟ್ಟ ನೆಂಟರಲ್ಲಿ ಗುಡ್ಡಗಳ ಗುರುತು ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಬೇಕು; ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿರುವ ಅವರಿಗೆ ಬಿಡುವು ಸಿಗುವ ದಿನ ನೋಡಬೇಕು. ಮಳೆಗಾಲ ಕಾಲಿಡುವ ಮುನ್ನ, ಬಿಸಿಲೇರುವ ಮೊದಲೇ ದಡ ಸೇರಬೇಕು. ತಾಯಿಯವರಿಗೆ ಕುಳಿತುಕೊಳ್ಳಲು ಮಡಿಸುವ ಕುರ್ಚಿಯೊಂದು ಬೇಕು. ಬುತ್ತಿಯಲ್ಲಿ ಈ ಸಲ ಮಜ್ಜಿಗೆ ಹೆಚ್ಚಿರಲಿ.

ಪೂಜೆ ಮುಗಿದೊಡನೆ ಕನ್ನಡಕ ಏರಿಸಿ, ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಜಲಾಶಯಗಳ ನೀರಿನ ಮಟ್ಟವನ್ನು ನೋಡುವುದು ಈಗ ಅವರ ದಿನಚರಿ. ತುಂಗಭದ್ರಾ, ಕಬಿನಿ ಅವರಿಗೆ ಬೇಡ. ಲಿಂಗನಮಕ್ಕಿಯ ಸಾಲಿನ ಮೇಲೆ ಬೆರಳಿಟ್ಟು, ನಿನ್ನೆಗಿಂತ ಅರ್ಧ ಅಡಿ ಇಳಿದಿದೆಯೆಂದು ಇಂದು ಬೆಳಿಗ್ಗೆ ಅಡಿಗೆಮನೆಯವರೆಗೂ ಬಂದು ಹೇಳಿಹೋದರು.