ಬೆನ್ನುನೋವಿನ ಹಿಂದೆ ಅಡಗಿದ್ದ ಅಪಾಯ

ಮಠದ ಪಾಠಶಾಲೆಯಲ್ಲಿ ಓದಿ ಬೆಳೆದ ನನಗೆ ವ್ಯಾಕರಣದ ಸೂತ್ರಗಳು ಪರಿಚಿತವೇ ಹೊರತು ವೈದ್ಯಶಾಸ್ತ್ರವಲ್ಲ. ಆದರೂ 2016ರಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಓದುಗ ಬಂಧುಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ನನ್ನ ಅಣ್ಣನವರ ಹೃದಯಕ್ಕೆ ಕೃತಕ ಕವಾಟವನ್ನು ಅಳವಡಿಸಲಾಗಿತ್ತು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಅವರು ನಿತ್ಯವೂ ವಾರ್ಫರಿನ್ ಮಾತ್ರೆ ಸೇವಿಸುತ್ತಿದ್ದರು. ಒಂದು ಮುಂಜಾನೆ ತುಂಬಿದ ಕೊಡವನ್ನು ಎತ್ತುವಾಗ ಬೆನ್ನಿನಲ್ಲಿ ಚೂರಿಯಿಂದ ಇರಿದಂತಹ ನೋವು ಕಾಣಿಸಿತು. ಊರಿನ ವೈದ್ಯರು ‘ಡಿಸ್ಕ್ ಜರುಗಿರಬೇಕು’ ಎಂದು ನೋವಿಗೆ ಚುಚ್ಚುಮದ್ದು ಕೊಟ್ಟು, ಮಲಗಿರಲು ಹೇಳಿದರು. ಮಾತ್ರೆಯ ವಿಷಯವನ್ನು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೃದಯದ ಮಾತ್ರೆಗೂ ಬೆನ್ನಿಗೂ ಏನು ಸಂಬಂಧವೆಂದೇ ನಮ್ಮ ಎಣಿಕೆ. ಅತ್ತಿಗೆಯವರು ಎಣ್ಣೆ ಕಾಯಿಸಿ ತಿಕ್ಕಿದರು.

ಮಧ್ಯಾಹ್ನಕ್ಕೆ ಎರಡೂ ಕಾಲುಗಳು ಜೋಮು ಹಿಡಿದವು. ಸಂಜೆಗೆ ಮೂತ್ರ ಕಟ್ಟಿತು. ಎದ್ದು ನಿಲ್ಲುವ ಶಕ್ತಿ ಉಡುಗಿತು. ಗಾಬರಿಯಿಂದ ಹುಬ್ಬಳ್ಳಿಗೆ ಕರೆದೊಯ್ದೆವು. ಅಲ್ಲಿಯ ತರುಣ ವೈದ್ಯೆ ಕೇಳಿದ ಮೊದಲ ಮಾತು: ‘ಅಜ್ಜಾರು ರಕ್ತ ತೆಳು ಮಾಡೋ ಗುಳಿಗಿ ತಗೋತಾರೇನ್ರಿ?’

ಎಂ.ಆರ್.ಐ. ಪರೀಕ್ಷೆಯಿಂದ ನಿಜ ತಿಳಿಯಿತು. ಬೆನ್ನೆಲುಬಿನ ನಾಳದೊಳಗೆ ರಕ್ತ ಸೋರಿ, ಗಡ್ಡೆಯಂತಾಗಿ ಬೆನ್ನುಹುರಿಯನ್ನು ಅದುಮುತ್ತಿತ್ತು. 3ರ ಆಸುಪಾಸಿನಲ್ಲಿರಬೇಕಾದ ಐ.ಎನ್.ಆರ್. 6ನ್ನು ದಾಟಿತ್ತು. ಹಿಂದಿನ ವಾರ ಕೆಮ್ಮಿಗೆಂದು ನುಂಗಿದ್ದ ಆ್ಯಂಟಿಬಯಾಟಿಕ್ ಔಷಧಿಯು ವಾರ್ಫರಿನ್ನಿನ ಪ್ರಭಾವವನ್ನು ಹೆಚ್ಚಿಸಿರಬೇಕೆಂದು ವೈದ್ಯರು ವಿವರಿಸಿದರು. ವಿಟಮಿನ್ ಕೆ ಹಾಗೂ ಪ್ಲಾಸ್ಮಾ ನೀಡಿ, ಅದೇ ರಾತ್ರಿ ಶಸ್ತ್ರಚಿಕಿತ್ಸೆ ಮಾಡಿ ಗಡ್ಡೆಯನ್ನು ತೆಗೆದರು.

ಅಣ್ಣನವರು ಈಗ ಕೋಲೂರಿ ನಡೆಯುತ್ತಾರೆ. ಎಡಗಾಲಿನ ಬಲ ಪೂರ್ಣವಾಗಿ ಮರಳಲಿಲ್ಲ. ಬೆನ್ನುಹುರಿಯ ಮೇಲಿನ ಒತ್ತಡವನ್ನು ಎಷ್ಟು ಬೇಗ ತೆಗೆದರೆ ಅಷ್ಟು ಲೇಸಂತೆ. ಎಣ್ಣೆ ತಿಕ್ಕುತ್ತ ಕಳೆದ ಆ ಗಂಟೆಗಳು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತವೆ.

ಇಂತಹ ರಕ್ತಸ್ರಾವ ಬಲು ವಿರಳ, ಬೆನ್ನುನೋವುಗಳೆಲ್ಲ ಇದಲ್ಲ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ಹಠಾತ್ತನೆ ತೀವ್ರ ಬೆನ್ನುನೋವು ಬಂದರೆ, ಅದರಲ್ಲಿಯೂ ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಕ್ಷಣವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಾಗೆಂದು ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲಾಗದು. ಹೆಪ್ಪುಗಟ್ಟಿದ ರಕ್ತ ಮಿದುಳಿಗೇರಿ ಪಾರ್ಶ್ವವಾಯು ತರಬಹುದು. ಅಣ್ಣನವರಿಗೂ ಕೆಲವು ದಿನಗಳ ತರುವಾಯ ವೈದ್ಯರೇ ಮಾತ್ರೆಯನ್ನು ಪುನಃ ಆರಂಭಿಸಿದರು.

ಈಗ ಅವರ ಅಂಗಿಯ ಜೇಬಿನಲ್ಲಿ ಮಾತ್ರೆಯ ಹೆಸರು ಬರೆದ ಚೀಟಿ ಸದಾ ಇರುತ್ತದೆ. ಯಾವ ವೈದ್ಯರಲ್ಲಿಗೆ ಹೋದರೂ, ನೋವನ್ನು ಹೇಳುವ ಮೊದಲು ಅದನ್ನು ಮುಂದಿಡುತ್ತಾರೆ. ನಿಮ್ಮ ಮನೆಯ ಹಿರಿಯರ ಜೇಬಿನಲ್ಲಿಯೂ ಅಂತಹದೊಂದು ಚೀಟಿ ಇರಲಿ.